ಹೆಗಲ ಮೇಲೆ ಉಳಿದ ಕೈ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮೂರಿನ ಗ್ರಂಥಾಲಯದಲ್ಲಿ ಫೋಟೋ ತಿದ್ದೋದು, ಫೋಟೋ ನಂಬೋದು ಇವೆರಡರ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ನಲವತ್ತು ಜನ ಇದ್ದರೇನೋ. ಅರ್ಧ ಪಿಯುಸಿ ಮಕ್ಕಳು, ಇನ್ನರ್ಧ ನಿವೃತ್ತ ಮೇಷ್ಟ್ರುಗಳು. ಬರಲಾಗದವರು ಕೆಲವರು ಬರೆದು ಕೊಡಿ ಅಂದರು. ಆಡಿದ್ದನ್ನೇ ಸ್ವಲ್ಪ ಸರಿ ಮಾಡಿ ಬರೆದಿದ್ದೇನೆ. ಅಂದರೆ ಇದಕ್ಕೂ ಟಚಿಂಗ್ (ಫೋಟೋ ತಿದ್ದೋದಕ್ಕೆ ಸ್ಟುಡಿಯೋದವರು ಹೇಳೋ ಮಾತು) ಆಗಿದೆ ಅಂತಲೇ ಇಟ್ಟುಕೊಳ್ಳಿ.

ಈ ವಿಷಯ ಮಾತಾಡಲು ನನಗಿರುವ ಅರ್ಹತೆ ಒಂದೇ. ನಾನು ಫೋಟೋ ತಿದ್ದಿಯೇ ಹೊಟ್ಟೆ ಹೊರೆದವನು. 1993ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸೋದರಮಾವನ ಸ್ಟುಡಿಯೋ ಸೇರಿದೆ. ಮೊದಲು ಕಲಿಸಿದ್ದು ಕ್ಯಾಮೆರಾ ಹಿಡಿಯೋದನ್ನಲ್ಲ, ಪೆನ್ಸಿಲ್ ಚೂಪು ಮಾಡೋದನ್ನ. ಇಳಿಜಾರಾಗಿ ನಿಲ್ಲಿಸಿದ ಒಂದು ಮರದ ಪೆಟ್ಟಿಗೆ, ಅದಕ್ಕೊಂದು ಗಾಜು, ಗಾಜಿನ ಹಿಂದೆ ಬಲ್ಬು. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂಥ ಪೆನ್ಸಿಲ್ ತುದಿಯಿಂದ ಮುಟ್ಟಿಯೂ ಮುಟ್ಟದ ಹಾಗೆ ಚುಕ್ಕಿ ಇಡಬೇಕು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅಲ್ವಾ, ಕಣ್ಣಿನ ಕೆಳಗಿನ ಕಪ್ಪು ಅಲ್ಲಿ ತೆಳುವಾಗಿ, ಬೆಳ್ಳಗೆ ಕಾಣುತ್ತದೆ. ಅಲ್ಲಿ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಕಪ್ಪು ಮಾಯ. ಮದುವೆಗೆ ಹೆಣ್ಣು ತೋರಿಸುವ ಫೋಟೋ ಆದರೆ ಎರಡು ರೂಪಾಯಿ ಜಾಸ್ತಿ. ಅದಕ್ಕೇ ನಗ್ತಾ ಹೇಳ್ತೀನಿ, ಬ್ಯೂಟಿ ಫಿಲ್ಟರ್ ಅನ್ನೋದು ನಿಮ್ಮ ಮೊಬೈಲ್ ಕಂಡುಹಿಡಿದಿದ್ದಲ್ಲ, ನಮ್ಮ ಮಾವ ಎರಡು ರೂಪಾಯಿಗೆ ಮಾರ್ತಿದ್ದದ್ದು.

ಒಂದು ದಿನ ಒಬ್ಬ ಯಜಮಾನರು ಬಂದರು. ಮೂರು ವರ್ಷದ ಹಿಂದೆ ನಮ್ಮಲ್ಲೇ ತೆಗೆಸಿದ್ದ ಮನೆಮಂದಿಯ ಗ್ರೂಪ್ ಫೋಟೋ ಕೈಯಲ್ಲಿತ್ತು. ಅವರು ಹೆಂಡತಿ ಜೊತೆ ಕುರ್ಚಿಯಲ್ಲಿ ಕೂತಿದ್ದಾರೆ, ಹಿಂದೆ ತಮ್ಮ ನಿಂತು ಅಣ್ಣನ ಹೆಗಲ ಮೇಲೆ ಕೈ ಇಟ್ಟಿದ್ದಾನೆ. ಈಗ ಪಾಲಾಗಿದೆ. ಬಾವಿಯ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. 'ಇವನನ್ನ ತೆಗೆದುಬಿಡಿ' ಅಂದರು, ಸಲೂನಿನಲ್ಲಿ ಕೂತು ಮೀಸೆ ತೆಗೀರಿ ಅನ್ನೋ ಹಾಗೆ. ಮಾವ ಆ ಕೆಲಸ ನನಗೆ ಕೊಟ್ಟರು. ದೊಡ್ಡ ಪ್ರಿಂಟ್ ಹಾಕಿ, ಅದರ ಮೇಲೆ ಬ್ರಷ್ಷಿನಿಂದ ಹಿಂದಿನ ಪರದೆಯ ಬಣ್ಣ ಬಳಿದು ಆಳನ್ನು ಮುಚ್ಚಿ, ಮತ್ತೆ ಅದರ ಫೋಟೋ ತೆಗೆದು ಕಾಪಿ ನೆಗೆಟಿವ್ ಮಾಡೋದು ಆಗಿನ ಪದ್ಧತಿ. ಎರಡು ದಿನ ಕೂತೆ. ತಲೆ ಹೋಯ್ತು, ಎದೆ ಹೋಯ್ತು, ಪಂಚೆ ಹೋಯ್ತು. ಯಜಮಾನರು ಖುಷಿಯಾಗಿ ದುಡ್ಡು ಕೊಟ್ಟು ಹೋದರು. ವಾರ ಬಿಟ್ಟು ಕಟ್ಟು ಹಾಕಿಸಿದ ಫೋಟೋ ಎತ್ತಿಕೊಂಡು, ಕೆಂಡದಂಥ ಕಣ್ಣು ಮಾಡಿಕೊಂಡು ವಾಪಸ್ ಬಂದರು. ಹೆಗಲ ಮೇಲೆ ನಾಲ್ಕು ಬೆರಳು ಹಾಗೇ ಉಳಿದಿದ್ದವು! ತಮ್ಮ ಹೋಗಿದ್ದ, ತಮ್ಮನ ಕೈ ಹೋಗಿರಲಿಲ್ಲ. ಮಾವ ಒಂದು ಮಾತೂ ಆಡದೆ ಬ್ರಷ್ ತಗೊಂಡು ಆ ಹೆಗಲಿಗೆ ಒಂದು ಶಲ್ಯ ಹೊದಿಸಿದರು. ಆ ಮನುಷ್ಯ ಜನ್ಮದಲ್ಲಿ ಶಲ್ಯ ಹೊದ್ದವರಲ್ಲ.

ಇದನ್ನೇ ಸೋವಿಯತ್ ರಷ್ಯಾದಲ್ಲಿ ಸರ್ಕಾರವೇ ಕೂತು ಮಾಡಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಸ್ಟಾಲಿನ್ ಕಾಲುವೆಯ ದಡದಲ್ಲಿ ನಡೆಯುತ್ತಿರುವ ಒಂದು ಫೋಟೋ ಇದೆ. ಪಕ್ಕದಲ್ಲಿ ನಿಕೊಲಾಯ್ ಯೆಜೋವ್, ಗುಪ್ತ ಪೊಲೀಸಿನ ಮುಖ್ಯಸ್ಥ, ಲಕ್ಷಾಂತರ ಜನರನ್ನು ಕೊಲ್ಲಿಸಿದವನು. 1940ರಲ್ಲಿ ಅವನನ್ನೇ ಗುಂಡಿಕ್ಕಿ ಕೊಂದರು. ಆಮೇಲಿನ ಪ್ರಿಂಟಿನಲ್ಲಿ ಅವನು ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರು ತಣ್ಣಗೆ ಹರಿಯುತ್ತಿದೆ. ಕೆಲಸ ಚೆನ್ನಾಗಿ ಮಾಡಿದ್ದಾರೆ. ನನ್ನ ಹಾಗೆ ಬೆರಳು ಬಿಟ್ಟಿಲ್ಲ.

ಹಾಗಾಗಿ 'ಕಂಪ್ಯೂಟರ್ ಬಂದು ಫೋಟೋ ಕೆಡ್ತು, ಮೊದಲೆಲ್ಲ ನಿಜ ಇತ್ತು' ಅಂತ ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಫೋಟೋಶಾಪ್ ಮಾರುಕಟ್ಟೆಗೆ ಬಂದಿದ್ದೇ 1990ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ, 1982ರ ಫೆಬ್ರವರಿಯಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಈಜಿಪ್ಟಿನ ಎರಡು ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರ ಸರಿಸಿ ಮುಖಪುಟಕ್ಕೆ ಹಾಕಿತ್ತು. ಯಾಕೆ? ಫೋಟೋ ಅಡ್ಡ ಇತ್ತು, ಮುಖಪುಟ ಉದ್ದ ಇತ್ತು. ಅಷ್ಟೇ ಕಾರಣ. ನಾಲ್ಕೂವರೆ ಸಾವಿರ ವರ್ಷ ಅಲ್ಲಾಡದ ಪಿರಮಿಡ್ ಪುಟದ ಅಳತೆಗಾಗಿ ಪಕ್ಕಕ್ಕೆ ಸರಿಯಿತು. ದೊಡ್ಡ ಗಲಾಟೆ ಆಯಿತು. ಜನರಿಗೆ ಸಿಟ್ಟು ಬಂದಿದ್ದು ಪಿರಮಿಡ್ಡಿನ ಮೇಲಿನ ಪ್ರೀತಿಯಿಂದಲ್ಲ, ಆ ಪತ್ರಿಕೆಯ ಮೇಲಿದ್ದ ನಂಬಿಕೆಯಿಂದ. ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಇದೇ. ನಾವು ಫೋಟೋವನ್ನು ಯಾವತ್ತೂ ನಂಬಿರಲಿಲ್ಲ. ಅದನ್ನು ಕೊಟ್ಟವರನ್ನು ನಂಬಿದ್ವಿ.

ನಮ್ಮ ಸ್ಟುಡಿಯೋಗೆ ಕಂಪ್ಯೂಟರ್ ಬಂದಿದ್ದು 2000ದಲ್ಲಿ. ಆಗ ಬಂದ ಒಂದು ಗಿರಾಕಿ ನೆನಪಿದೆ. ಗಂಡ ತೀರಿಕೊಂಡಿದ್ದ ಹೆಂಗಸು. ಅವರ ಹತ್ತಿರ ಇದ್ದಿದ್ದು ಪಡಿತರ ಚೀಟಿಯ ಫೋಟೋ ಮಾತ್ರ, ಅದರಲ್ಲಿ ಮನೆಯವರೆಲ್ಲ ಸಾಲಾಗಿ ನಿಂತಿದ್ದಾರೆ, ಆತನ ಮುಖ ಕಡಲೆಕಾಳಿನಷ್ಟು. ಅದನ್ನು ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, ಮಸುಕಾದ ಕಣ್ಣಿಗೆ ಕಣ್ಣು ಬರೆದು, ಬನಿಯನ್ ಇದ್ದಲ್ಲಿ ಕೋಟು ಟೈ ಅಂಟಿಸಿ ಕೊಟ್ಟೆ. ಆಗ ಒಂದು ಸಿಡಿಯಲ್ಲಿ ಐವತ್ತು ಕೋಟು ಬರ್ತಿದ್ದವು, ತಲೆ ಒಂದೇ ನಮ್ಮದು. ಆಕೆ ಬಹಳ ಹೊತ್ತು ನೋಡಿ, 'ಇವ್ರು ಕೋಟು ಹಾಕಿದ್ದೇ ನೋಡಿಲ್ಲ ಕಣಪ್ಪ. ಆದ್ರೂ ಇವ್ರೇ' ಅಂದರು. ಅದು ಸುಳ್ಳು ಫೋಟೋನಾ? ಲೆಕ್ಕ ಹಾಕಿದರೆ ಮುಕ್ಕಾಲು ಸುಳ್ಳು. ಆದರೆ ಯಾರಿಗೂ ಮೋಸ ಆಗಿಲ್ಲ. ಆಕೆಗೆ ಗೊತ್ತು, ನನಗೆ ಗೊತ್ತು, ತಿಥಿಗೆ ಬಂದ ನೆಂಟರಿಗೂ ಗೊತ್ತು.

ಆಮೇಲೆ ನಾನು ಬೆಂಗಳೂರಿಗೆ ಹೋಗಿ ಒಂದು ಪತ್ರಿಕೆಯ ಫೋಟೋ ವಿಭಾಗ ಸೇರಿದೆ. ಅಲ್ಲಿ ಬೇರೆಯದೇ ಕಾನೂನು. ಬೆಳಕು ಸ್ವಲ್ಪ ಏರಿಸು, ಅಂಚು ಕತ್ತರಿಸು, ಮುಗೀತು. ಒಳಗಿನ ವಸ್ತು ಮುಟ್ಟಬೇಡ. ಹೋದ ಹೊಸತರಲ್ಲಿ ಎಲ್ಲರೂ ಹೇಳ್ತಿದ್ದ ಕಥೆ ಬ್ರಯಾನ್ ವಾಲ್ಸ್ಕಿ ಅನ್ನುವ ಪತ್ರಿಕಾ ಫೋಟೋಗ್ರಾಫರದು. 2003ರ ಇರಾಕ್ ಯುದ್ಧದಲ್ಲಿ ಬಸ್ರಾ ಹತ್ತಿರ ಒಬ್ಬ ಬ್ರಿಟಿಷ್ ಸೈನಿಕ, ಮಗು ಎತ್ತಿಕೊಂಡ ಒಬ್ಬ ಅಪ್ಪ. ಒಂದು ಫೋಟೋದಲ್ಲಿ ಸೈನಿಕ ಚೆನ್ನಾಗಿ ಬಂದಿದ್ದ, ಇನ್ನೊಂದರಲ್ಲಿ ಅಪ್ಪ ಚೆನ್ನಾಗಿ ಬಂದಿದ್ದ. ಎರಡನ್ನೂ ಸೇರಿಸಿ ಒಂದು ಮಾಡಿದರು. ಹಿಂದೆ ಕೂತಿದ್ದ ಕೆಲವರು ಎರಡೆರಡು ಸಲ ಬಂದಿದ್ದನ್ನು ಇನ್ನೊಂದು ಪತ್ರಿಕೆಯ ನೌಕರರೊಬ್ಬರು ಪತ್ತೆ ಹಚ್ಚಿದರು. ಲಾಸ್ ಏಂಜಲೀಸ್ ಟೈಮ್ಸ್ ಅವರನ್ನು ಕೆಲಸದಿಂದ ತೆಗೆಯಿತು. 2006ರಲ್ಲಿ ಬೈರೂತಿನ ಬಾಂಬ್ ದಾಳಿಯ ಹೊಗೆಯನ್ನು ಕ್ಲೋನ್ ಮಾಡಿ, ಅಂದರೆ ಅದೇ ತುಂಡನ್ನು ನಕಲು ಮಾಡಿ ಪಕ್ಕದಲ್ಲಿ ಅಂಟಿಸಿ, ದಟ್ಟ ಮಾಡಿದ್ದಕ್ಕೆ ರಾಯಿಟರ್ಸ್ ಸುದ್ದಿಸಂಸ್ಥೆ ಒಬ್ಬ ಫೋಟೋಗ್ರಾಫರ್‌ನ 920 ಚಿತ್ರಗಳನ್ನು ಒಟ್ಟಿಗೆ ವಾಪಸ್ ಪಡೆಯಿತು. ತಿದ್ದಿದ್ದು ಒಂದೆರಡು, ಹೋಗಿದ್ದು 920. ಕಠಿಣ ಅನ್ನಿಸಬಹುದು. ಆದರೆ ಅಲ್ಲಿ ತಪ್ಪು ಮಾಡಿದರೆ ಅನ್ನ ಹೋಗುತ್ತದೆ ಅನ್ನುವ ಭಯ ಇತ್ತು, ಆ ಭಯವೇ ಓದುಗರಿಗೆ ಖಾತ್ರಿ.

ಈಗ ಈ ಕಡೆಯ ಕಥೆ. 2012ರ ಆಗಸ್ಟ್, ಬೆಂಗಳೂರು. ಅಸ್ಸಾಮಿನಲ್ಲಿ ಗಲಭೆ ಆಗಿತ್ತು. ಸ್ವಾತಂತ್ರ್ಯ ದಿನದ ಸಂಜೆ ಸಿಟಿ ರೈಲ್ವೆ ನಿಲ್ದಾಣಕ್ಕೆ ಹೋದರೆ ಕಾಲಿಡಲು ಜಾಗ ಇಲ್ಲ. ಈಶಾನ್ಯದ ಹುಡುಗರು, ಹುಡುಗಿಯರು, ಸೆಕ್ಯೂರಿಟಿ ಕೆಲಸದವರು, ಹೋಟೆಲಿನವರು, ಪಾರ್ಲರಿನವರು, ಸಾವಿರಾರು ಜನ ಗುವಾಹಟಿ ರೈಲಿಗೆ ಕಾಯುತ್ತಿದ್ದಾರೆ. ಆ ಗಲಭೆಯ ಸೇಡಿಗೆ ಬೆಂಗಳೂರಿನಲ್ಲಿ ನಿಮ್ಮನ್ನು ಹೊಡೆಯುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಒಬ್ಬ ಹುಡುಗ, ಇನ್ನೂ ವಾಚ್‌ಮನ್ ಯೂನಿಫಾರ್ಮಿನಲ್ಲೇ ಇದ್ದ, ತನ್ನ ಸಣ್ಣ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಹೆಣಗಳು. ಯಾವ ಊರು, ಯಾವಾಗ, ಏನೂ ಇಲ್ಲ. 'ಯಾರು ಕಳಿಸಿದ್ದು?' ಅಂತ ಕೇಳಿದೆ. 'ಗೊತ್ತಿಲ್ಲ ಸಾರ್, ಎಲ್ಲರ ಹತ್ರನೂ ಇದೆ.' ಎಲ್ಲರ ಹತ್ತಿರವೂ ಇದೆ ಅನ್ನೋದೇ ಅವನಿಗೆ ಸಾಕ್ಷಿ. ಆಮೇಲೆ ಕೇಂದ್ರ ಗೃಹ ಇಲಾಖೆ ಹೇಳಿತು, ಚಂಡಮಾರುತದಲ್ಲಿ, ಭೂಕಂಪದಲ್ಲಿ ಸತ್ತವರ ಚಿತ್ರಗಳನ್ನು ಗಲಭೆಯಲ್ಲಿ ಸತ್ತವರದ್ದು ಅಂತ ಹರಿಬಿಟ್ಟಿದ್ದಾರೆ ಅಂತ. ಆ ಕಾಲಕ್ಕೆ ಬಹಳ ಓಡಾಡಿದ ಒಂದು ಚಿತ್ರದಲ್ಲಿ ಹೆಣಗಳ ಸಾಲಿನ ನಡುವೆ ಬೌದ್ಧ ಭಿಕ್ಷುಗಳು ನಿಂತಿದ್ದರು. ಮ್ಯಾನ್ಮಾರಿನಲ್ಲಿ ಅವರೇ ಕೊಂದಿದ್ದು ಅಂತ ಕೆಳಗೆ ಬರೆದಿತ್ತು. ಅಸಲಿಗೆ ಅದು 2010ರ ಚೀನಾ ಭೂಕಂಪದ್ದು, ಆ ಟಿಬೆಟನ್ ಭಿಕ್ಷುಗಳು ಸತ್ತವರಿಗೆ ಅಂತ್ಯಕ್ರಿಯೆ ಮಾಡಲು ಬಂದವರು.

ಗಮನಿಸಿ, ಆ ಫೋಟೋದಲ್ಲಿ ಒಂದು ಚುಕ್ಕಿಯನ್ನೂ ಯಾರೂ ತಿದ್ದಿರಲಿಲ್ಲ. ಕೆಳಗಿನ ಒಂದು ಸಾಲು ಬದಲಾಯಿಸಿದರು, ಅಷ್ಟೇ. ನಾನು ಎರಡು ದಿನ ಬ್ರಷ್ ಹಿಡಿದು ಮಾಡಿದ್ದನ್ನು ಇವರು ಒಂದು ಸಾಲಿನಲ್ಲಿ ಮುಗಿಸಿದರು.

2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಬಂತಲ್ಲ, ನಿಮ್ಮಲ್ಲಿ ಎಷ್ಟೋ ಜನಕ್ಕೆ ಬಂದಿರುತ್ತದೆ. ಬೈಕಿನಲ್ಲಿ ಇಬ್ಬರು ಬರ್ತಾರೆ, ಆಡ್ತಿರೋ ಮಗೂನ ಎತ್ಕೊಂಡು ಹೋಗ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಪುಣ್ಯಾತ್ಮ ಆ ಕೊನೆಯನ್ನು ಕತ್ತರಿಸಿದ. ಆ ವರ್ಷ ದೇಶದ ಎಷ್ಟೋ ಕಡೆ ಮಕ್ಕಳ ಕಳ್ಳರು ಅಂತ ಅಪರಿಚಿತರನ್ನು ಹೊಡೆದು ಕೊಂದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್, ಆತನ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಯಿತು. ಅದೇ ವರ್ಷ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಜಾಸ್ತಿ ಫಾರ್ವರ್ಡ್ ಮಾಡೋ ಹಾಗಿಲ್ಲ ಅಂತ ಮಿತಿ ಹಾಕುವುದಾಗಿ ಹೇಳಿತು. ಇವತ್ತಿಗೂ ನೀವು ಮೊಬೈಲಿನಲ್ಲಿ ಕಾಣುವ ಆ ಐದರ ಲೆಕ್ಕದ ಹಿಂದೆ ಹೆಣಗಳಿವೆ.

ಸರಿ, ತಿದ್ದಿದ ಫೋಟೋಗೇ ಬರೋಣ. ನನಗೆ ಬಹಳ ನೋವು ಕೊಟ್ಟಿದ್ದು 2023ರ ಮೇ 28ರದ್ದು. ಹೊಸ ಸಂಸತ್ ಭವನದ ಉದ್ಘಾಟನೆಯ ದಿನ ದೆಹಲಿಯಲ್ಲಿ ಪ್ರತಿಭಟನೆ ಮಾಡುತ್ತಿದ್ದ ಕುಸ್ತಿಪಟುಗಳನ್ನು ಪೊಲೀಸರು ಎಳೆದುಕೊಂಡು ಹೋದರು. ವ್ಯಾನಿನ ಒಳಗೆ ವಿನೇಶ್ ಫೋಗಟ್, ಸಂಗೀತಾ ಫೋಗಟ್ ಜೊತೆಯವರ ಸಂಗಡ ಒಂದು ಸೆಲ್ಫಿ ತೆಗೆದುಕೊಂಡರು. ಮುಖದಲ್ಲಿ ದಣಿವು, ನಗು ಇಲ್ಲ. ಕೆಲವೇ ಗಂಟೆಯಲ್ಲಿ ಅದೇ ಸೆಲ್ಫಿ ಇನ್ನೊಂದು ರೂಪದಲ್ಲಿ ಬಂತು. ಎಲ್ಲರೂ ಹಲ್ಲು ಬಿಟ್ಟು ನಗುತ್ತಿದ್ದಾರೆ, ಪಿಕ್ನಿಕ್ಕಿಗೆ ಹೊರಟವರ ಹಾಗೆ. ಫೇಸ್‌ಆ್ಯಪ್ ಅನ್ನುವ ಮುಖ ತಿದ್ದುವ ಆ್ಯಪಿನಲ್ಲಿ ಹಾಕಿದರೆ ಅದೇ ನಗು ಬರುತ್ತದೆ ಅಂತ ಫ್ಯಾಕ್ಟ್ ಚೆಕ್ ಮಾಡುವವರು ತೋರಿಸಿದರು. ಯೋಚನೆ ಮಾಡಿ, ಅವರು ಯಾರನ್ನೂ ಅಳಿಸಲಿಲ್ಲ, ಯಾರನ್ನೂ ಸೇರಿಸಲಿಲ್ಲ. ಜಾಗ ನಿಜ, ಜನ ನಿಜ, ಬಟ್ಟೆ ನಿಜ. ತುಟಿಯ ಎರಡು ತುದಿ ಸ್ವಲ್ಪ ಮೇಲೆತ್ತಿದರು. ಆ ಬೆರಳಗಲದ ತಿದ್ದುಪಡಿಯಲ್ಲಿ ಇಡೀ ಹೋರಾಟ ನಾಟಕ ಆಗಿಹೋಯಿತು. ಟಚಿಂಗ್ ಮಾಡುವವನಾಗಿ ಹೇಳ್ತೀನಿ, ಇದು ಒಳ್ಳೆಯ ಕೈಚಳಕ. ಅದಕ್ಕೇ ಮೈ ಉರಿಯುತ್ತದೆ.

ಅದೇ ವರ್ಷ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಯಾರದೋ ವಿಡಿಯೋಗೆ ಅಂಟಿಸಿ ಬಿಟ್ಟರು. ಅವರು ಹೆಸರು ಇರುವವರು, ಬಾಯಿಬಿಟ್ಟು ಹೇಳಿದರು, ದೇಶ ಕೇಳಿತು, ಪೊಲೀಸರು ಆರೋಪಿಯನ್ನು ಹಿಡಿದರು. ಮೊಬೈಲ್ ಲೋನ್ ಆ್ಯಪಿನಲ್ಲಿ ಐದು ಸಾವಿರ ಸಾಲ ತಗೊಂಡು ಕಂತು ತಪ್ಪಿದ ಹುಡುಗಿಗೆ ಹಾಗಲ್ಲ. ಅವಳ ಫೋಟೋ ಮಾರ್ಫ್ ಮಾಡಿ ಅವಳ ಕಾಂಟ್ಯಾಕ್ಟಿನಲ್ಲಿರುವ ಸೋದರತ್ತೆಗೆ ಕಳಿಸುತ್ತಾರೆ. ಸೋದರತ್ತೆ ಹಿಂದೆ ಮುಂದೆ ನೋಡದೆ ನಂಬುತ್ತಾರೆ. ಇಂಥದ್ದು ಆದರೆ ಮನೆಯಲ್ಲಿ ಬೈಯೋದು ಆಮೇಲೆ, ಮೊದಲು 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಅಪರಾಧದ ಸಹಾಯವಾಣಿ.

ಮಧ್ಯದಲ್ಲಿ ಒಬ್ಬ ಹುಡುಗ ಎದ್ದು 'ಹಾಗಾದ್ರೆ ಯಾವುದನ್ನೂ ನಂಬಬಾರದು ಅಷ್ಟೇ ಅಲ್ವಾ ಸಾರ್?' ಅಂದ. ಇದೇ ನನಗೆ ಜಾಸ್ತಿ ಹೆದರಿಕೆ. ಸುಳ್ಳು ಫೋಟೋ ನಂಬಿದರೆ ಒಂದು ಸಲ ಮೋಸ ಹೋಗ್ತೀವಿ. ನಿಜದ ಫೋಟೋನೂ ನಂಬದೆ ಹೋದರೆ ಮೋಸ ಮಾಡುವವನಿಗೆ ದಿನಾ ಹಬ್ಬ. ಲೀ ಹಾರ್ವೆ ಆಸ್ವಾಲ್ಡ್ ಗೊತ್ತಲ್ಲ, 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಕೊಂದ ಆರೋಪ ಹೊತ್ತವನು. ಅವನು ಹಿತ್ತಲಲ್ಲಿ ಬಂದೂಕು ಹಿಡಿದು ನಿಂತ ಫೋಟೋ ಪೊಲೀಸರಿಗೆ ಸಿಕ್ಕಿತು. ಅವನು ಹೇಳಿದ್ದು ಏನು ಗೊತ್ತಾ? ಮುಖ ನನ್ನದೇ, ಆದರೆ ಯಾರೋ ಬೇರೆ ಮೈಗೆ ಅಂಟಿಸಿದ್ದಾರೆ ಅಂತ. ಫೋಟೋಶಾಪಿಗೆ 27 ವರ್ಷ ಮೊದಲು! ಮೂಗಿನ ನೆರಳು ಒಂದು ಕಡೆ, ಮೈ ನೆರಳು ಇನ್ನೊಂದು ಕಡೆ ಅಂತ ದಶಕಗಟ್ಟಲೆ ಜನ ವಾದ ಮಾಡಿದರು. ಕೊನೆಗೆ ಹ್ಯಾನಿ ಫರೀದ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಆ ತಲೆ, ಆ ಹಿತ್ತಲಿನ ತ್ರೀಡಿ ಮಾದರಿ ಮಾಡಿ ಲೆಕ್ಕ ಹಾಕಿ, ಒಂದೇ ಸೂರ್ಯನ ಬೆಳಕಿನಲ್ಲಿ ಆ ಎರಡೂ ನೆರಳು ಹಾಗೇ ಬೀಳುತ್ತವೆ ಅಂತ ತೋರಿಸಿದರು. ನೆರಳು ಸರಿಯಾಗೇ ಇತ್ತು, ನೋಡುವವರ ಅಂದಾಜು ತಪ್ಪಿತ್ತು.

2024ರ ಆಗಸ್ಟಿನಲ್ಲಿ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಕಮಲಾ ಹ್ಯಾರಿಸ್ ಸಭೆಗೆ ಸಾವಿರಾರು ಜನ ಸೇರಿದ್ದರು. ಎಷ್ಟೋ ಕ್ಯಾಮೆರಾಗಳು ತೆಗೆದಿದ್ದವು. ಟ್ರಂಪ್ ಅದು ಎಐ ಮಾಡಿದ ಜನ, ಅಲ್ಲಿ ಯಾರೂ ಇರಲಿಲ್ಲ ಅಂದರು. ನಂಬಿದವರೂ ಇದ್ದರು. ಅಮೆರಿಕದ ಇಬ್ಬರು ಕಾನೂನು ಪ್ರಾಧ್ಯಾಪಕರು, ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್, ಇದಕ್ಕೆ ಮೊದಲೇ ಒಂದು ಹೆಸರು ಇಟ್ಟಿದ್ದರು. ಸುಳ್ಳುಗಾರನಿಗೆ ಸಿಗುವ ಡಿವಿಡೆಂಡ್. ಬಂಡವಾಳ ಊರಿನವರದ್ದು, ಲಾಭ ಅವನದ್ದು. ಲಂಚ ತಗೊಳ್ಳುವಾಗ ಸಿಕ್ಕಿಬಿದ್ದವನು 'ಅದು ನಾನಲ್ಲ, ಎಐ' ಅಂದರೆ ಸಾಕು, ಅರ್ಧ ಊರು ಹೌದೇನೋ ಅನ್ನುತ್ತದೆ.

ಪತ್ತೆ ಹಚ್ಚೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಬೆರಳು ಎಣಿಸಿ ಅಂತ ಎರಡು ಮೂರು ವರ್ಷದ ಹಿಂದೆ ನಾನೇ ಹೇಳ್ತಿದ್ದೆ, ಎಐ ಆರು ಬೆರಳು ಬರೀತಿತ್ತು. ಈಗ ಐದೇ ಬರೆಯುತ್ತದೆ, ಉಗುರಿಗೆ ಬಣ್ಣ ಬೇರೆ ಹಚ್ಚುತ್ತದೆ. ಕಣ್ಣಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಗೂಗಲ್ ಲೆನ್ಸಿಗೆ ಹಾಕಿ ಇದೇ ಚಿತ್ರ ಹಿಂದೆ ಎಲ್ಲಿ ಬಂದಿತ್ತು ನೋಡಿ. ಆ ವಾಚ್‌ಮನ್ ಹುಡುಗನ ಫೋಟೋ ಥರದ್ದೆಲ್ಲ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಇನ್ನು ಮೊಬೈಲ್ ಬಗ್ಗೆ ಒಂದು ಮಾತು. ಅದು ಗುಂಡಿ ಒತ್ತಿದ ಒಂದು ಕ್ಷಣಕ್ಕೆ ಹಲವು ಫೋಟೋ ತೆಗೆದು ಬೆರೆಸಿ ಒಂದು ಮಾಡಿ ಕೊಡುತ್ತದೆ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕಂತಲೇ ಮಸುಕು ಮಾಡಿ ಕಂಪ್ಯೂಟರ್ ಪರದೆಯಲ್ಲಿಟ್ಟು, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ಫೋಟೋ ತೆಗೆದರು. ಪರದೆಯಲ್ಲಿ ಇಲ್ಲದ ಗುಳಿಗಳು ಫೋಟೋದಲ್ಲಿ ಬಂದವು. ಫೋನಿಗೆ ಚಂದ್ರ ಹೇಗಿರಬೇಕು ಅಂತ ಮೊದಲೇ ಗೊತ್ತಿತ್ತು! ಹಾಗಾದರೆ ಟಚಿಂಗ್ ಮಾಡದ ಫೋಟೋ ಯಾರ ಹತ್ತಿರ ಇದೆ ಈಗ?

ಕೋರ್ಟಿನವರು ಈ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಬಿಡಿಸಿಕೊಂಡಿದ್ದಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಮೊಬೈಲ್ ಫೋಟೋ ಸಾಕ್ಷಿಯಾಗಿ ಕೊಡಬೇಕಾದರೆ ಒಂದು ಪ್ರಮಾಣಪತ್ರ ಬೇಕು. ಯಾವ ಸಾಧನದ್ದು, ಯಾರ ಹತ್ತಿರ ಇತ್ತು, ಫೈಲಿನ ಹ್ಯಾಶ್ ಎಷ್ಟು ಅಂತ ಬರೆದು ಸಹಿ ಹಾಕಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಗುರುತು ಅಂದುಕೊಳ್ಳಿ, ಒಂದು ಚುಕ್ಕಿ ಬದಲಾದರೂ ಪೂರ್ತಿ ಬೇರೆ ಆಗುತ್ತದೆ. ಅದು ಫೋಟೋದಲ್ಲಿರೋದು ನಿಜ ಅಂತ ಹೇಳಲ್ಲ, ಆಮೇಲೆ ಯಾರೂ ಕೈ ಹಚ್ಚಿಲ್ಲ ಅಂತ ಮಾತ್ರ ಹೇಳುತ್ತದೆ. ತೆಗೆಯುವಾಗಲೇ ಇಂಥ ಮುದ್ರೆ ಒತ್ತುವ ಕ್ಯಾಮೆರಾವನ್ನು ಲೈಕಾ ಕಂಪನಿ 2023ರಲ್ಲಿ ತಂದಿದೆ. ಬೆಲೆ ಕೇಳಬೇಡಿ, ಆ ದುಡ್ಡಿಗೆ ನಮ್ಮೂರಲ್ಲಿ ಹಸುಗಳ ಹಿಂಡೇ ಬರುತ್ತದೆ, ಕರು ಸಮೇತ.

ಕೊನೆಗೆ ಪಂಚಾಯಿತಿಯ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಎದ್ದು, ನನಗೆ ಗೊತ್ತಿಲ್ಲದ್ದನ್ನು ಹೇಳಿಕೊಟ್ಟರು. ನರೇಗಾ ಹಾಜರಿಗೆ ದಿನಕ್ಕೆ ಎರಡು ಸಲ ಜಿಪಿಎಸ್ ಫೋಟೋ ಆ್ಯಪಿಗೆ ಹಾಕಬೇಕಿತ್ತು, 2023ರಲ್ಲಿ ಅದು ಕಡ್ಡಾಯ ಆಗಿತ್ತು. 'ಮೇಸ್ತ್ರಿ ಸುಳ್ಳು ಬರೀತಾನೆ, ಫೋಟೋ ಸುಳ್ಳು ಹೇಳಲ್ಲ ಅಂತ ಮಾಡಿದ್ರು ಸಾರ್. ಆಮೇಲೆ ಏನಾಯ್ತು? ಹಳೇ ಫೋಟೋನ ಇನ್ನೊಂದು ಮೊಬೈಲಲ್ಲಿ ಇಟ್ಕೊಂಡು ಅದರ ಫೋಟೋ ಹೊಡೆದು ಹಾಕಿದ್ರು. ಜಿಪಿಎಸ್ ಸರಿಯಾಗೇ ಬರ್ತಿತ್ತು.' ಸಭೆ ನಕ್ಕಿತು. ಸುಮ್ನೆ ಮಾತಲ್ಲ ಅದು, 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಇಂಥ ಫೋಟೋದ ಫೋಟೋಗಳ ಬಗ್ಗೆ ಸುತ್ತೋಲೆ ಹೊರಡಿಸಿತ್ತು.

ಆ ಅಣ್ಣತಮ್ಮಂದಿರ ಕಥೆ ಏನಾಯಿತು ಅಂತ ಒಬ್ಬ ಮೇಷ್ಟ್ರು ಕೇಳಿದರು. ಹೇಳಿ ಮುಗಿಸುತ್ತೇನೆ. ನಮ್ಮ ಮಾವನ ಹತ್ತಿರ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ನಂಬರ್, ತಾರೀಕು, ಹೆಸರು, ಎಷ್ಟು ಪ್ರತಿ, ಏನೇನು ಟಚಿಂಗ್, ಎಲ್ಲ ಬರೆದಿಡೋರು. ಯಾರನ್ನು ಅಳಿಸಿದರೂ ಮೂಲ ನೆಗೆಟಿವ್ ಕವರಿನಲ್ಲಿ ಹಾಗೇ ಇರ್ತಿತ್ತು. ಮಾವ ಹೋದಮೇಲೆ ಆ ಟ್ರಂಕು ನಮ್ಮ ಅಟ್ಟ ಸೇರಿತು. 2019ರಲ್ಲಿ ಒಬ್ಬ ಹುಡುಗಿ ಹುಡುಕಿಕೊಂಡು ಬಂದಳು. ಅಳಿಸಿದ ತಮ್ಮನ ಮಗಳು. ಅಪ್ಪ ತೀರಿಕೊಂಡಿದ್ದರು, ಅವರ ವಯಸ್ಸಿನ ಕಾಲದ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ರಿಜಿಸ್ಟರಿನಲ್ಲಿ ನಂಬರ್ ಹುಡುಕಿ ಕವರ್ ತೆಗೆದೆ. ಅಂಚಿಗೆ ಫಂಗಸ್ ಹಿಡಿದಿತ್ತು, ಮುಖಗಳು ಚೆನ್ನಾಗಿದ್ದವು. ಸ್ಕ್ಯಾನ್ ಮಾಡಿ ಪರದೆಯ ಮೇಲೆ ತೋರಿಸಿದೆ. ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ದೊಡ್ಡಪ್ಪನ ಹೆಗಲ ಮೇಲಿದ್ದ ಕೈ ನೋಡಿದಳು.

'ಇದರಲ್ಲಿ ಏನೂ ಎಡಿಟ್ ಮಾಡಿಲ್ಲ ಅಲ್ವಾ ಅಣ್ಣಾ?'

ರಿಜಿಸ್ಟರ್ ಮತ್ತೊಮ್ಮೆ ನೋಡಿ ಹೇಳಿದೆ, 'ನಿಮ್ಮ ದೊಡ್ಡಮ್ಮನ ಕೆನ್ನೆಗೆ ಒಂಚೂರು ಪೆನ್ಸಿಲ್ ಆಡಿಸಿದೀವಮ್ಮ. ಎರಡು ರೂಪಾಯಿ.'